ಒಳಗಿನಿಂದ ಮುಚ್ಚಿದ ಗೋಡೆ

ಪಂಚಾಯ್ತಿ ಚೇರ್ಮನ್ ಪರಮಶಿವಪ್ಪನ ಮನೆಗೆ ಒಂದೇ ವರ್ಷದಲ್ಲಿ ಎರಡು ಸಲ ಕನ್ನ ಬಿತ್ತು. ಎರಡು ಸಲವೂ ಅದನ್ನು ಮುಚ್ಚಿದವರು ನಾವೇ. ಮೊದಲ ಸಲ ಹೊರಗಿನಿಂದ ಮುಚ್ಚಿದೆವು. ಎರಡನೆಯ ಸಲ ನನ್ನ ಗಂಡ ಗುತ್ಯಪ್ಪ ಒಳಗಿನಿಂದ ಮುಚ್ಚಿದ.

ನಮ್ಮದು ಗೋಡೆ ಕೆಲಸ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯ ಎರಡೂ ಬದಿಯ ಊರುಗಳಲ್ಲಿ ನಮ್ಮ ಕೈಯ ಗೋಡೆಗಳಿವೆ. ಗುತ್ಯಪ್ಪ ಮಣ್ಣು ಅಗೆಯುತ್ತಾನೆ. ನಾನು ತುಳಿಯುತ್ತೇನೆ. ಭತ್ತದ ಹುಲ್ಲು ಕತ್ತರಿಸಿ ಹಾಕಿ, ನೀರು ಬಿಟ್ಟು, ನಾಲ್ಕು ದಿನ ಕೊಳೆಸಿ, ಮತ್ತೆ ತುಳಿದರೆ ಮಣ್ಣು ಹದಕ್ಕೆ ಬರುತ್ತದೆ. ಸಂಜೆಯ ಹೊತ್ತಿಗೆ ಸೊಂಟ ಬಿದ್ದುಹೋಗುತ್ತದೆ. ಹುಲ್ಲಿನ ಚೂರು ಹಿಮ್ಮಡಿಯ ಬಿರುಕಿಗೆ ಹೊಕ್ಕು ಕೀವು ಕಟ್ಟುತ್ತದೆ. ಗೋಡೆ ಕಟ್ಟುವಾಗ ಒಳಗೂ ಹೊರಗೂ ಓಡಾಡುವವರು ನಾವು. ಮಾಡು ಕೂತು, ಮನೆಯವರು ಹಾಲು ಉಕ್ಕಿಸಿದ ದಿನದಿಂದ ನಾವು ಆ ಗೋಡೆಯ ಆಚೆ. ಆಮೇಲೆ ಒಳಗೆ ಕಾಲಿಟ್ಟರೆ ಮೈಲಿಗೆ. ಪರಮಶಿವಪ್ಪನ ಮನೆಯ ಹಿಂಗೋಡೆ ಎಬ್ಬಿಸಿದವನು ಗುತ್ಯಪ್ಪನ ಅಪ್ಪ. ಮುಗಿದ ಮೇಲೆ ಆ ಗೋಡೆಯ ಒಳಮೈ ಹೇಗಿದೆ ಎಂದು ಅವನು ಸಾಯುವ ತನಕ ನೋಡಲಿಲ್ಲ.

ಪರಮಶಿವಪ್ಪನನ್ನು ನಾವು ಕೆಟ್ಟವನೆಂದು ತಿಳಿದಿರಲಿಲ್ಲ. ತಪ್ಪಾದದ್ದು ಅಲ್ಲೇ. ಅಸ್ಪೃಶ್ಯತೆ ಆಚರಿಸಿದರೆ ಜೈಲು ಎಂದು ಕಾನೂನು ಬಂದಾಗ ಶಾಲೆಯ ಜಗಲಿಯ ಮೇಲೆ ನಿಂತು ಅದನ್ನು ನಮಗೆ ಓದಿ ಹೇಳಿದವನು ಅವನು. ಹೋದ ಗಾಂಧಿ ಜಯಂತಿಯ ದಿನ ಅಮಲ್ದಾರರ ಎದುರಿಗೆ ಗುತ್ಯಪ್ಪನ ಕೈಯಿಂದ ನೀರು ಇಸಿದುಕೊಂಡು ಕುಡಿದ. ಚಪ್ಪಾಳೆ ಬಿತ್ತು. ಅವತ್ತು ‘ಗುತ್ಯಪ್ಪನವರು’ ಎಂದು ಕರೆದ. ಮರುದಿನ ಹಿತ್ತಲಲ್ಲಿ ‘ಲೇ ಗುತ್ಯಾ’ ಎಂದ. ನಾನು ಇದನ್ನು ಎತ್ತಿ ಆಡಿದಾಗ ಗುತ್ಯಪ್ಪ ನನ್ನನ್ನೇ ಗದರಿಸಿದ. ಬಾಯಿಗೆ ರೂಢಿ ಬಿದ್ದದ್ದು ನಿಧಾನಕ್ಕೆ ಹೋಗುತ್ತದೆ, ಮನುಷ್ಯ ಒಳ್ಳೆಯವನು ಎಂದ. ಅವನು ನಂಬಿದ್ದ. ನಾನೂ ಅರ್ಧ ನಂಬಿದ್ದೆ.

ಮೊದಲ ಕನ್ನ ಬಿದ್ದದ್ದು ಸಂಕ್ರಾಂತಿ ಕಳೆದ ವಾರ. ಉಗ್ರಾಣದ ಹಿಂಗೋಡೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಒಂದಾಳು ತೆವಳಿ ಹೋಗುವಷ್ಟು ತೂತು. ಎರಡು ತಾಮ್ರದ ಹಂಡೆ, ಮಗಳು ಜಗದಾಂಬಳ ಮದುವೆಗೆ ತಂದಿಟ್ಟ ಸೀರೆಗಳು ಹೋಗಿದ್ದವು. ದಫೇದಾರ ಬಂದ. ಬರೆದುಕೊಂಡ. ಕಾಫಿ ಕುಡಿದು ಹೋದ. ಪರಮಶಿವಪ್ಪನ ತಾಯಿ ಹಾಲಮ್ಮನಿಗೆ ಹಂಡೆ ಹೋದದ್ದಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು. ಉಗ್ರಾಣಕ್ಕೆ ಹೊಕ್ಕವನು ಯಾವ ಜಾತಿಯವನೋ. ಅಯ್ಯನವರನ್ನು ಕರೆಸಿ ಪಾದೋದಕ ಚಿಮುಕಿಸಿದಳು. ಆಮೇಲೆ ನಮ್ಮನ್ನು ಕರೆಸಿದರು.

ಹಿತ್ತಲ ಬಾವಿಯನ್ನು ನಾವು ಮುಟ್ಟುವಂತಿರಲಿಲ್ಲ. ಮನೆಯಾಳು ಚಿಕ್ಕಬೀರಪ್ಪ ಸೇದಿ ಮಣ್ಣಿಗೆ ಸುರಿಯುತ್ತಿದ್ದ. ಅವನು ಕುರುಬರವನು, ಒಳಗೆ ಹೋಗಿಬರುವವನು.

“ನಿನಕಿಂತ ಕಳ್ಳ ವಾಸಿ ಕಣೋ ಗುತ್ಯಾ,” ಎಂದ ಬೀರಪ್ಪ. “ಒಂದೇ ಏಟಿಗೆ ಉಗ್ರಾಣ ನೋಡ್ಕಂಡು ಹೋದ. ಗ್ವಾಡೆ ಕಟ್ಟಿದ್ದು ನಿಮ್ಮಪ್ಪ ಆದ್ರೂ ನಿಂಗೆ ಆ ಯೋಗ ಇಲ್ಲ ನೋಡು.”

“ಅವ್ನು ಕೇಳ್ದೆ ಹೋದ,” ಎಂದ ಗುತ್ಯಪ್ಪ. “ನಾನು ಕೇಳ್ಕಂಡು ನಿಂತೀನಿ. ಅದೇ ನನ್ನ ತಪ್ಪು.”

ಇಬ್ಬರೂ ನಕ್ಕರು. ನಾನೂ ನಕ್ಕೆ.

ಕನ್ನ ಮುಚ್ಚುವುದು ಹೊಸ ಗೋಡೆ ಎಬ್ಬಿಸಿದ ಹಾಗಲ್ಲ. ಹಳೆಯ ಮಣ್ಣು ಹೊಸ ಮಣ್ಣನ್ನು ಸುಲಭಕ್ಕೆ ಹಿಡಿಯುವುದಿಲ್ಲ. ತೂತಿನ ಅಂಚನ್ನು ಕೆತ್ತಿ ಹಲ್ಲು ಮಾಡಬೇಕು. ನೀರು ಕುಡಿಸಬೇಕು. ಒಳಮೈಯಿಂದ ಹೊರಮೈ ತನಕ ಮುಟ್ಟುವ ಉದ್ದನೆಯ ಅಡ್ಡಗಲ್ಲು ಕೂರಿಸಬೇಕು. ಮಣ್ಣಿನ ಮುದ್ದೆ ಇಟ್ಟಾಗ ಒಬ್ಬ ಹೊರಗಿನಿಂದ, ಒಬ್ಬ ಒಳಗಿನಿಂದ ಒತ್ತಬೇಕು. ಒಂದೇ ಕಡೆಯಿಂದ ಒತ್ತಿದರೆ ಮಣ್ಣು ಆಚೆಗೆ ಜಾರುತ್ತದೆ, ನಡುವೆ ಟೊಳ್ಳು ಉಳಿಯುತ್ತದೆ. ಒಂದೂವರೆ ಮೊಳ ದಪ್ಪದ ಗೋಡೆ ಅದು.

ಎರಡನೆಯ ಸಾಲು ಇಡುವಾಗ ಗುತ್ಯಪ್ಪ ಮುದ್ದೆಯ ಒಳಬದಿಯನ್ನು ಒತ್ತಲು ತೂತಿನಲ್ಲಿ ತೋಳು ತೂರಿಸಿದ. ಒಳಗೆ ಹಾಲಮ್ಮ ನಿಂತಿದ್ದಳು. ಅವಳಿಗೆ ಕಂಡದ್ದು ನಾಲ್ಕು ಬೆರಳು. ಬೆರಳು ಒಳಗೆ ಬಂತು, ಉಗ್ರಾಣ ಕೆಟ್ಟಿತು ಎಂದು ಕೂಗಿದಳು. ಕೈಯಲ್ಲಿದ್ದ ತಂಬಿಗೆಯ ನೀರನ್ನು ಆ ಬೆರಳುಗಳ ಮೇಲೆ ಎರಚಿದಳು. ಗುತ್ಯಪ್ಪ ತೋಳು ಹಿಂದಕ್ಕೆ ಎಳೆದುಕೊಂಡ. ಅವಸರಕ್ಕೆ ಮೊಣಕೈ ಕಲ್ಲಿಗೆ ತರಚಿತು.

ಪರಮಶಿವಪ್ಪ ಹಿತ್ತಲಿಗೆ ಬಂದ. ಗುತ್ಯಪ್ಪ ಕೈ ಒರೆಸಿಕೊಂಡು ಎದ್ದು ನಿಂತು ಹೇಳಿದ. ನಾನು ಅಲ್ಲೇ ಇದ್ದೆ. ಬೀರಪ್ಪನೂ ಇದ್ದ.

“ಗೌಡ್ರೆ, ಒಳಗಿಂದ ಒತ್ತದೇ ಇದ್ರೆ ಈ ಗ್ವಾಡೆ ನಿಲ್ಲಲ್ಲ. ಹೊರಗಿಂದ ಅಷ್ಟೇ ಮುಚ್ಚಿದ್ರೆ ನಡುವೆ ಟೊಳ್ಳು ಬೀಳ್ತತಿ. ಕಾಲಲ್ಲಿ ಒದ್ರೆ ಬಿಚ್ಕಂತತಿ.”

“ಒಳಗಿಂದು ಬೀರ ನೋಡ್ಕಂತಾನೆ ಬಿಡು,” ಎಂದ ಪರಮಶಿವಪ್ಪ. “ಮುದುಕಿ ಐತಲ್ಲ, ಅವಳ ಜೊತೆ ಯಾರು ಗುದ್ದಾಡೋರು. ನೀನು ಹೊರಗಿಂದು ಚೆಂದ ಮಾಡು.”

ಬೀರಪ್ಪನಿಗೆ ಕುರಿ ಕಾಯುವುದು ಗೊತ್ತು, ಗೋಡೆ ಗೊತ್ತಿಲ್ಲ. ಒಳಗಡೆ ಒಂದು ಹಲಗೆ ಹಿಡಿದು ನಿಂತ. ಹಲಗೆ ತೆಗೆದ ಮೇಲೆ ಕಂಡ ಸಂದಿಗೆಲ್ಲ ಜಲ್ಲಿ ತುರುಕಿ ಸಗಣಿ ಮೆತ್ತಿದ. ಹೊರಗಿನಿಂದ ನೋಡಿದರೆ ಗೋಡೆ ಗೋಡೆಯ ಹಾಗೇ ಇತ್ತು. ಗೌಡ ಮನೆಯ ಬೆಳ್ಳಿಯನ್ನೆಲ್ಲ ಅದೇ ಉಗ್ರಾಣದ ಪೆಟ್ಟಿಗೆಯಲ್ಲಿಟ್ಟು ಬಾಗಿಲಿಗೆ ಹೊಸ ಬೀಗ ತರಿಸಿದ. ಬಾಗಿಲು ಭದ್ರವಾಯಿತು.

ಯುಗಾದಿ ಕಳೆದ ಮೇಲೆ ಅದೇ ಜಾಗದಲ್ಲಿ ಮತ್ತೆ ಕನ್ನ ಬಿತ್ತು, ಮೊದಲಿಗಿಂತ ಅಗಲವಾಗಿ. ಪೆಟ್ಟಿಗೆಯೇ ಹೋಯಿತು. ಬೆಳ್ಳಿಯ ತಟ್ಟೆ, ಕಾಲುಂಗುರ, ಬರುವ ಅಳಿಯನಿಗೆಂದು ಮಾಡಿಸಿದ್ದ, ಲಿಂಗ ಇಡುವ ಬೆಳ್ಳಿ ಕರಡಿಗೆ.

ಬೆಳಿಗ್ಗೆ ನಮ್ಮನ್ನು ಕರೆಸಿದಾಗ ಮತ್ತೆ ಮುಚ್ಚುವುದಕ್ಕೆ ಎಂದುಕೊಂಡು ನಾನು ಬುಟ್ಟಿ ತೆಗೆದುಕೊಂಡೇ ಹೋದೆ. ಹಿತ್ತಲ ತುಂಬ ಜನ. ದಫೇದಾರ ಕುಕ್ಕರಗಾಲಲ್ಲಿ ಕೂತು ತೂತಿನ ಒಳಗೆ ಲಾಠಿ ಆಡಿಸುತ್ತಿದ್ದ. ಜಲ್ಲಿ ಉದುರುತ್ತಿತ್ತು. ಇದನ್ನು ಮುಚ್ಚಿದವರು ಯಾರು ಎಂದು ಕೇಳಿದ. ನಾವು ಎಂದೆವು. ಟೊಳ್ಳು ಬಿಟ್ಟದ್ದು ಯಾಕೆ ಎಂದು ಕೇಳಿದ. ಆವತ್ತೇ ಗೌಡರಿಗೆ ಹೇಳಿದ್ದೆ ಎಂದ ಗುತ್ಯಪ್ಪ. ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ. ಗೌಡ ಅಲ್ಲೇ ನಿಂತಿದ್ದನಲ್ಲ.

ದಫೇದಾರ ತಿರುಗಿದ. “ಹೇಳಿದ್ನೇನ್ರಿ?”

ಪರಮಶಿವಪ್ಪ ಗೋಡೆಯನ್ನು ನೋಡುತ್ತಿದ್ದ. ಬೀರಪ್ಪ ದನಗಳ ಕಡೆ ಮುಖ ಮಾಡಿ ನಿಂತಿದ್ದ. ಹೇಳಿದ್ದ ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು. ಹಾಗಾದರೆ ಅವನನ್ನು ಒಳಗೆ ಯಾಕೆ ಬಿಡಲಿಲ್ಲ. ಅದಕ್ಕೆ ಉತ್ತರ ಕೊಟ್ಟರೆ ಶಾಲೆಯ ಜಗಲಿಯ ಮೇಲೆ ತಾನೇ ಓದಿದ ಕಾನೂನು ಚೇರ್ಮನ್ನನ ಮೇಲೆಯೇ ಬರುತ್ತಿತ್ತು. ಇದು ನನಗೆ ಆಮೇಲೆ ತಿಳಿಯಿತು. ಆಗ ನಾನು ಸುಮ್ಮನೆ ಅವನ ಬಾಯಿ ನೋಡುತ್ತಿದ್ದೆ.

“ಹಂಗೇನೂ ಹೇಳಿದ ನೆನಪಿಲ್ರಿ,” ಎಂದ. “ಒಳಗೆ ಬಂದು ಮಾಡೋ ಅಂದೆ. ಇವನೇ ಬರಲಿಲ್ಲ. ನಮ್ಮಲ್ಲಿ ಆ ಭೇದ ಇಲ್ಲ. ನಿಮಗೆ ಗೊತ್ತೇ ಐತಲ್ಲ.”

ಗುತ್ಯಪ್ಪ ಬಾಯಿ ತೆರೆದ. ದಫೇದಾರನ ಕೈ ಅಷ್ಟರಲ್ಲಿ ಅವನ ಕತ್ತಿನ ಮೇಲಿತ್ತು.

ಒಂಬತ್ತು ದಿನ ಲಾಕಪ್ಪಿನಲ್ಲಿಟ್ಟರು. ನಾನು ದಿನಾ ಗಂಜಿ ಹೊತ್ತುಕೊಂಡು ನಡೆದೆ. ನಾಲ್ಕು ದಿನ ಕೊಡಲು ಬಿಡಲಿಲ್ಲ. ಅಂಗಾಲಿಗೆ ಹೊಡೆದಿದ್ದರು. ಕಳ್ಳರಿಗೆ ಜಾಗ ತೋರಿಸಿದವನು ನೀನೇ, ಟೊಳ್ಳು ಬಿಟ್ಟವನು ನೀನೇ ಎಂದು ಹೊಡೆದರು. ಗುತ್ಯಪ್ಪ ಒಂದೇ ಮಾತು ಹೇಳಿದ. ಗೌಡರಿಗೆ ಹೇಳಿದ್ದೆ. ಆ ಮಾತಿಗೇ ಹೆಚ್ಚು ಏಟು ಬಿತ್ತಂತೆ. ದೊಡ್ಡಮನುಷ್ಯರ ಮೇಲೆ ಸುಳ್ಳು ಹೊರಿಸುತ್ತೀಯಾ ಎಂದು.

ಹತ್ತನೆಯ ದಿನ ಆನವಟ್ಟಿ ಸಂತೆಯಲ್ಲಿ ಆ ಬೆಳ್ಳಿ ಕರಡಿಗೆ ಸಿಕ್ಕಿತು. ಮಾರಲು ತಂದವನು ಎಲ್ಲಿಯವನೋ. ನಮ್ಮೂರಿನ ಹೆಸರೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಹೊಸದಾಗಿ ಸಾರಿಸಿದ ಗುರುತು ಕಂಡು ಬೆರಳಲ್ಲಿ ತಟ್ಟಿದೆ, ಡೊಳ್ಳಿನ ಹಾಗೆ ಸದ್ದು ಬಂತು, ಅಲ್ಲೇ ಕನ್ನ ಹಾಕಿದೆ ಎಂದನಂತೆ. ಗುತ್ಯಪ್ಪನಿಗೆ ಹೋಗು ಎಂದರು. ಅಷ್ಟೇ ಅಂದದ್ದು.

ಕಳ್ಳ ಸಿಕ್ಕಿದ್ದು ಊರಿಗೆ ಗೊತ್ತಾಯಿತು. ಆದರೂ ಠಾಣೆ ಕಂಡವನು ಠಾಣೆ ಕಂಡವನೇ. ಕಳ್ಳ ಅಲ್ಲದಿದ್ದರೂ ಟೊಳ್ಳು ಗೋಡೆ ಕಟ್ಟುವವನು ಎಂದರು. ನಾವು ಬೀದಿಯಲ್ಲಿ ಬಂದರೆ ಅಂಗಳದಲ್ಲಿದ್ದ ಹಿತ್ತಾಳೆ ಕೊಡ ಒಳಗೆ ಹೋಗುತ್ತಿತ್ತು. ಸೊರಬದ ದಾರಿಯ ಒಂದು ಊರಲ್ಲಿ ಮಳೆಗೆ ಮೊದಲು ಕೊಟ್ಟಿಗೆ ಗೋಡೆ ಎಬ್ಬಿಸಲು ಮಾತಾಗಿತ್ತು. ಅವರು ಬೇಡವೆಂದು ಹೇಳಿಕಳಿಸಿದರು. ಗುತ್ಯಪ್ಪನಿಗೆ ಏಟು ತಡೆದುಕೊಳ್ಳಲು ಆಯಿತು. ಇದು ಆಗಲಿಲ್ಲ. ಅವನ ಅಪ್ಪ ಕಟ್ಟಿದ ಒಂದು ಗೋಡೆಯೂ ಬಿದ್ದಿರಲಿಲ್ಲ. ಅವನಿಗೆ ಬೇಕಾದದ್ದು ಒಂದೇ. ಸುಳ್ಳು ಹೇಳಿದ ಆ ಬಾಯಿ ನಾಲ್ಕು ಜನರ ಎದುರು ನಿಜ ಹೇಳಬೇಕು. ಗುತ್ಯ ಹೇಳಿದ್ದ, ನಾನೇ ಒಳಗೆ ಬಿಡಲಿಲ್ಲ ಎಂದು.

ಕನ್ನದ ತೂತಿಗೆ ಗಾಡಿಯ ಹಲಗೆ ಒರಗಿಸಿ ಮುಳ್ಳು ಜಡಿದಿದ್ದರು. ಬೇರೆ ಯಾರಿಗೂ ಆ ಕೆಲಸ ಬರುತ್ತಿರಲಿಲ್ಲ, ಬರುವವರು ಗುತ್ಯಪ್ಪನ ಗತಿ ನೋಡಿ ಒಪ್ಪಲಿಲ್ಲ. ಅಷ್ಟರಲ್ಲಿ ಜಗದಾಂಬಳ ಮದುವೆಯ ಮಾತುಕತೆಗೆ ಸೋಮವಾರ ಬೀಗರು ಬರುವುದು ನಿಶ್ಚಯವಾಯಿತು. ಹೆಣ್ಣು ಕೊಡುವ ಮನೆಯ ಹಿಂಗೋಡೆ ಬಾಯಿ ಬಿಟ್ಟುಕೊಂಡಿರುವುದು ಚೆನ್ನಾಗಿರುವುದಿಲ್ಲ. ಪರಮಶಿವಪ್ಪ ಹೊಲಗೇರಿಯ ಅಂಚಿನ ತನಕ ತಾನೇ ಬಂದ.

“ಗುತ್ಯಪ್ಪ, ಆಗಿದ್ದು ಆಗಿಹೋತು,” ಎಂದ. “ನನಗೂ ಬೇಜಾರೈತಿ. ಈ ಸಲ ಒಳಗಿಂದ್ಲೇ ಮಾಡು. ಅವ್ವನಿಗೆ ನಾನು ಹೇಳೀನಿ.”

“ನಾನು ಅವತ್ತೇ ಹೇಳಿದ್ದೆ ಅಂತ ಜನದ ಮುಂದೆ ಹೇಳ್ತೀರಾ ಗೌಡ್ರೆ?”

“ಮದುವಿ ಮಾತು ಮುಗೀಲಿ. ನೋಡಾಣ.”

ಗುತ್ಯಪ್ಪ ಹೂಂ ಎಂದ. ನನಗೆ ಮೈ ಉರಿಯಿತು. ಗೌಡ ಹೋದ ಮೇಲೆ ಗಂಡನಿಗೆ ಬಾಯಿಗೆ ಬಂದ ಹಾಗೆ ಬೈದೆ. ಒಂಬತ್ತು ದಿನದ ಏಟು ಸಾಲಲಿಲ್ಲವೇ, ಇನ್ನೊಂದು ಸಲ ಬೆನ್ನು ಕೊಡುತ್ತೀಯಾ ಎಂದೆ. ಅವನು ಅಂಗಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದ. ಮಣ್ಣು ಅಗೆಯಲು ನಾಳೆ ಬೇಗ ಹೋಗಬೇಕು ಎಂದಷ್ಟೇ ಹೇಳಿದ. ಅವನ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಾಗಲಿಲ್ಲ.

ಅವನಿಗೆ ತುಳಿಯಲು ಆಗುತ್ತಿರಲಿಲ್ಲ. ನಾಲ್ಕು ದಿನ ನಾನೊಬ್ಬಳೇ ತುಳಿದೆ. ಸೋಮವಾರ ಬೆಳಿಗ್ಗೆ ಮುಳ್ಳು ತೆಗೆದರು. ಹಾಲಮ್ಮ ಉಗ್ರಾಣದ ಸಾಮಾನನ್ನೆಲ್ಲ ಸಾಗಿಸಿ, ಪಡಸಾಲೆಗೆ ತೆರೆಯುವ ಬಾಗಿಲಿಗೆ ಆ ಕಡೆಯಿಂದ ಅಗುಳಿ ಹಾಕಿದ್ದಳು. ಗುತ್ಯಪ್ಪ ಒಳಗೆ ಹೋಗಬೇಕಾದದ್ದು ಕನ್ನದ ತೂತಿನಿಂದಲೇ. ಹೊಟ್ಟೆಯ ಮೇಲೆ ತೆವಳಿಕೊಂಡು ಹೋದ. ಕೊನೆಗೆ ಒಬ್ಬ ನುಸುಳುವಷ್ಟು ಜಾಗ ಬಿಟ್ಟು ಹೊರಗೆ ಬಂದುಬಿಡು, ಅಷ್ಟನ್ನು ಹೊರಗಿನಿಂದ ಮುಚ್ಚು ಎಂದು ಗೌಡ ಹೇಳಿದ್ದ.

ನಾನು ಹೊರಗಿನಿಂದ ಮುದ್ದೆ ಕೊಟ್ಟೆ. ಅವನು ಒಳಗಿನಿಂದ ತೆಗೆದುಕೊಂಡ. ಒಂದು ಸಾಲು ಮಣ್ಣು, ಒಂದು ಅಡ್ಡಗಲ್ಲು. ಅವನು ಆ ಕಡೆಯಿಂದ ಗುದ್ದಿದರೆ ನಾನು ಈ ಕಡೆಯಿಂದ ಅಂಗೈ ಕೊಟ್ಟು ತಡೆಯುತ್ತಿದ್ದೆ. ಇಂಥ ಕೆಲಸ ಮಾಡಿ ಬಹಳ ದಿನ ಆಗಿತ್ತು. ಕಲ್ಲು ಅಲುಗಲಿಲ್ಲ. ಮೊದಲು ಅವನ ಎದೆ ಮರೆಯಾಯಿತು. ಆಮೇಲೆ ಮುಖ. ಮಧ್ಯಾಹ್ನ ಬರಬೇಕಾದ ಬೀಗರು ಬೆಳಗಿನ ಬಸ್ಸಿಗೇ ಬಂದಿದ್ದರು. ಪಡಸಾಲೆಯಲ್ಲಿ ಅವರ ಮಾತು ನನ್ನ ಕಿವಿಗೂ ಬೀಳುತ್ತಿತ್ತು. ಗೌಡ ಹೇಳಿದ ಅಳತೆ ದಾಟಿ ತೂತು ಎರಡು ಮುದ್ದೆ ಅಗಲಕ್ಕೆ ಬಂತು. ಅವನ ಕೈ ಮಾತ್ರ ಕಾಣುತ್ತಿತ್ತು. ಇನ್ನು ಸಾಕು, ಬರೋದಾದರೆ ಈಗಲೇ ಮೇಲಿನ ಸಾಲು ಕಿತ್ತುಕೊಂಡು ಬಾ ಎಂದೆ.

“ಬರಲ್ಲ,” ಎಂದ. “ಕಲ್ಲು ಕೊಡು.”

ಆಗ ನನಗೆ ತಿಳಿಯಿತು. ಹಾರೆ ನನ್ನ ಪಕ್ಕದಲ್ಲೇ ಇತ್ತು. ನಾನು ಕಲ್ಲು ಎತ್ತಿಕೊಟ್ಟೆ. ಅದು ಒಳಗೆ ಹೋಗಿ ಅಡ್ಡ ಕೂತಿತು. ಕೊನೆಯ ಮುದ್ದೆಯನ್ನೂ ಕೊಟ್ಟೆ. ಕೈ ಮರೆಯಾಯಿತು. ನಾನು ಅಂಗೈ ಒದ್ದೆ ಮಾಡಿಕೊಂಡು ಹೊರಮೈಯನ್ನು ಸವರಿದೆ.

ಸ್ವಲ್ಪ ಹೊತ್ತಿಗೆ ಒಳಗೆ ಬಾಗಿಲು ತಟ್ಟುವ ಸದ್ದು ಕೇಳಿತು. ಜೋರಾಗಿ ಅಲ್ಲ. ತಟ್ಟಿ, ನಿಲ್ಲಿಸಿ, ಮತ್ತೆ ತಟ್ಟುತ್ತಿದ್ದ. ಪಡಸಾಲೆಯ ಮಾತು ನಿಂತಿತು. ಬೀರಪ್ಪ ಹಿತ್ತಲಿಗೆ ಓಡಿಬಂದು ನನಗೆ ಹೇಳಿದ. ಗುತ್ಯಪ್ಪ ಬಾಗಿಲ ಹಿಂದೆ ನಿಂತು ಎರಡು ಮಾತು ಆಡಿದ್ದಾನೆ. ಬಾಗಿಲು ತೆಗೆಯಿರಿ, ಮನುಷ್ಯನ ಹಾಗೆ ನಡೆದು ಹೋಗುತ್ತೇನೆ. ಇಲ್ಲವೇ ಅವತ್ತು ಗುತ್ಯ ಹೇಳಿದ್ದ ಎಂದು ಗೌಡರು ಪಡಸಾಲೆಯಲ್ಲಿ ನಿಂತು ಹೇಳಲಿ, ನಾನೇ ಗೋಡೆ ಕಿತ್ತು ಹಿಂದಿನಿಂದ ತೆವಳಿಕೊಂಡು ಹೋಗುತ್ತೇನೆ.

ಬೀರಪ್ಪನ ಹಿಂದೆಯೇ ಪರಮಶಿವಪ್ಪ ಬಂದ. ಬಿಳಿ ಪಂಚೆ, ಹೆಗಲಿಗೆ ಜರಿ ಶಲ್ಯ. ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

“ಹುಲಿಯಮ್ಮ, ಹೇಳವ್ವ ಅವನಿಗೆ. ಮಣ್ಣು ಇನ್ನೂ ಹಸಿ ಐತಿ. ದೂಡ್ಕಂಡು ಹೊರಗೆ ಬರಲಿ.”

ಅವನ ಬಾಯಲ್ಲಿ ನನ್ನ ಹೆಸರು ಪೂರಾ ಬಂದದ್ದು ಅದೇ ಮೊದಲು.

“ಬಾಗ್ಲು ತೆಗೀರಿ ಗೌಡ್ರೆ. ಬರ್ತಾನೆ.”

“ಪಡಸಾಲ್ಯಾಗೆ ಬೀಗರು ಕುಂತಾರೆ.”

“ದಫೇದಾರ್ರ ಮುಂದೆ ನಮ್ಮಲ್ಲಿ ಭೇದ ಇಲ್ಲ ಅಂದ್ರಲ್ಲ. ಬೀಗರ ಮುಂದೂ ಅದನ್ನೇ ಹೇಳ್ರಿ.”

ಅವನ ಮುಖ ಕೆಂಪಾಯಿತು. ಹಾರೆ ತೋರಿಸಿ, ನೀನೇ ಒಡಿ ಎಂದ.

“ಒಡೆಯಲ್ಲ. ನನ್ನ ಕೆಲಸ ಕಟ್ಟೋದು. ಒಡೆದ ಹೆಸರು ನಮಗೆ ಆಗ್ಲೇ ಒಂದ್ಸಲ ಬಂದೈತಿ.”

ಗೌಡ ಬೀರಪ್ಪನ ಕಡೆ ತಿರುಗಿದ. ಬೀರಪ್ಪ ಹಾರೆ ಎತ್ತಿಕೊಂಡ. ಗೋಡೆಯ ಹತ್ತಿರ ಹೋದ. ನಿಂತ. ಆಮೇಲೆ ಹಾರೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ.

“ನಾಳೆ ದಫೇದಾರ್ರು ಬಂದು ಯಾರು ಒಡೆದ್ರು ಅಂತ ಕೇಳಿದ್ರೆ ನೀವು ಯಾರ ಹೆಸರು ಹೇಳ್ತೀರೋ ಗೌಡ್ರೆ,” ಎಂದ. “ನಂಗೆ ಬ್ಯಾಡ.”

ಒಳಗೆ ಮತ್ತೆ ಬಾಗಿಲು ತಟ್ಟಿದ ಸದ್ದು. ಪರಮಶಿವಪ್ಪ ಹೇಳಬೇಕಾಗಿದ್ದದ್ದು ಒಂದು ಮಾತು. ಹೇಳಿದ್ದರೆ ಗುತ್ಯಪ್ಪ ತೆವಳಿಕೊಂಡು ಬರುತ್ತಿದ್ದ. ಅವನು ಹೇಳಲಿಲ್ಲ. ಶಲ್ಯ ತೆಗೆದು ಬಾವಿಕಟ್ಟೆಯ ಮೇಲೆ ಹಾಕಿದ. ಪಂಚೆ ಮೇಲೆ ಕಟ್ಟಿದ. ಹಾರೆ ಹಿಡಿದ.

ಹಾರೆ ಹಿಡಿಯಲು ಅವನಿಗೆ ಬರುತ್ತಿರಲಿಲ್ಲ. ಕಲ್ಲಿಗೆ ಬಿದ್ದು ಜಾರುತ್ತಿತ್ತು. ಒಳಗಿನಿಂದ ಒತ್ತಿದ ಗೋಡೆ ಹಸಿಯಿದ್ದರೂ ಸುಲಭಕ್ಕೆ ಬಿಡಲಿಲ್ಲ. ಪಂಚೆಗೆ, ಎದೆಗೆ, ಮೀಸೆಗೆ ಮಣ್ಣು ಸಿಡಿಯಿತು. ಹತ್ತು ಏಟಿಗೆ ಏದುಸಿರು ಬಂತು. ನಾನು ಕೈಕಟ್ಟಿ ನಿಂತು ನೋಡಿದೆ. ಒಂದು ಮುದ್ದೆಯನ್ನೂ ಎತ್ತಿ ಬದಿಗಿಡಲಿಲ್ಲ.

ಆ ಸದ್ದಿಗೆ ಬೀಗರು ಮನೆ ಸುತ್ತಿಕೊಂಡು ಹಿತ್ತಲಿಗೆ ಬಂದರು. ಗಂಡಿನ ದೊಡ್ಡಪ್ಪ ಸದಾಶಿವಪ್ಪ ಮುಂದೆ ಇದ್ದ.

“ಇದೇನ್ರೀ ಪರಮಶಿವಪ್ನೋರೆ, ನಿಮ್ಮನೆಗೆ ನೀವೇ ಕನ್ನ ಹಾಕ್ತಾ ಇದೀರಿ?”

ಪರಮಶಿವಪ್ಪ ಇನ್ನೊಂದು ಏಟು ಹಾಕಿದ. ಉತ್ತರ ನಾನು ಕೊಟ್ಟೆ. ಮೊದಲಿನಿಂದ ಹೇಳಿದೆ. ಬೆರಳಿನ ಮೇಲೆ ಎರಚಿದ ನೀರು, ಬೀರಪ್ಪನ ಹಲಗೆ, ದಫೇದಾರನ ಪ್ರಶ್ನೆ, ಅಂಗಾಲಿನ ಏಟು. ಯಾರೂ ತಡೆಯಲಿಲ್ಲ. ಸದಾಶಿವಪ್ಪ, ಹೌದೇನ್ರೀ ಎಂದು ಗೌಡನನ್ನು ಕೇಳಿದ. ಗೌಡ ಹಾರೆ ಹಾಕುತ್ತಲೇ ಇದ್ದ. ಕೊನೆಯ ಕಲ್ಲು ಹೊರಗೆ ಉರುಳಿತು. ತೂತಿನಿಂದ ಒಳಗೆ ಕಂಡಿತು. ಗುತ್ಯಪ್ಪ ನಮ್ಮ ಕಡೆ ಬೆನ್ನು ಮಾಡಿ, ಬಾಗಿಲಿಗೆ ಮುಖ ಕೊಟ್ಟು ನೆಲದ ಮೇಲೆ ಕೂತಿದ್ದ.

“ಬಾರೋ ಹೊರಗೆ,” ಎಂದ ಗೌಡ.

ಗುತ್ಯಪ್ಪ ತಿರುಗಲಿಲ್ಲ. “ಕಳ್ಳ ಹೋದ ದಾರೀಲಿ ನಾನು ಹೋಗಲ್ಲ ಗೌಡ್ರೆ.”

ಬಾಗಿಲು ತೆಗೆಸಿದವನು ಸದಾಶಿವಪ್ಪ. ನಮ್ಮ ಮೇಲಿನ ಪ್ರೀತಿಗಲ್ಲ. ಯಮಗಂಡಕಾಲ ಹತ್ತಿರ ಬಂದಿತ್ತು, ಮನೆಯೊಳಗೆ ಒಬ್ಬನನ್ನು ಕೂಡಿಹಾಕಿಕೊಂಡು ಮದುವೆಯ ಮಾತು ಆಡುವುದು ಹೇಗೆ ಎಂದ. ಹಾಲಮ್ಮ ಕೋಲಿನಿಂದ ಅಗುಳಿ ಸರಿಸಿದಳಂತೆ. ನಾನು ಮುಂದಿನ ಅಂಗಳಕ್ಕೆ ಓಡಿದೆ. ಗುತ್ಯಪ್ಪ ಪಡಸಾಲೆಯ ನಡುವೆ ಕುಂಟುತ್ತ ಬರುತ್ತಿದ್ದ. ಮಂದಲಿಗೆ ಚಾಪೆಯ ಮೇಲೆ ಉಳಿದಿದ್ದವರು ಕಾಲು ಒಳಗೆ ಎಳೆದುಕೊಂಡರು. ಸಾರಿಸಿದ ನೆಲದ ಮೇಲೆ ಅ‌ವನ ಮಣ್ಣಿನ ಹೆಜ್ಜೆ ಬಾಗಿಲ ತನಕ ಬಿದ್ದಿತ್ತು. ಅವಸರ ಮಾಡಲಿಲ್ಲ. ಮುಂಬಾಗಿಲು ದಾಟಿ ಮೆಟ್ಟಿಲು ಇಳಿದ.

ನಾವು ಬೀದಿ ತಿರುಗುವ ಮೊದಲೇ ಒಳಗಿನಿಂದ ನೀರು ಸುರಿಯುವ ಸದ್ದು ಕೇಳಿತು.

ಆಮೇಲೆ ನಮ್ಮೂರಲ್ಲಿ ನಮಗೆ ಕೆಲಸ ಇಲ್ಲ. ಸೊರಬದ ಆಚೆಗೆ ನಡೆದು ಹೋಗಿ ಗೋಡೆ ಎಬ್ಬಿಸುತ್ತೇವೆ. ಕೇರಿಯ ಉಳಿದವರಿಗೂ ಗೌಡನ ಗದ್ದೆಯಲ್ಲಿ ಕೂಲಿ ತಪ್ಪಿತು. ಅವರಲ್ಲಿ ಕೆಲವರು ನಮಗೆ ಶಾಪ ಹಾಕಿದರು. ಆದರೂ ಒಬ್ಬರೂ ಆ ಗೋಡೆ ಮುಚ್ಚಲು ಹೋಗಲಿಲ್ಲ. ಗುತ್ಯಪ್ಪ ಕೇಳಿದ ಮಾತನ್ನು ಪರಮಶಿವಪ್ಪ ಇವತ್ತಿನ ತನಕ ಹೇಳಿಲ್ಲ.

ಮಳೆಗಾಲ ಬಂತು. ಹಿಂಗೋಡೆಯ ತೂತು ಹಾಗೇ ಇದೆ. ಆ ಕನ್ನ ಹಾಕಿದವರು ಯಾರು ಎಂದು ಈ ಸಲ ಊರಿಗೆಲ್ಲ ಗೊತ್ತು. ದಫೇದಾರನನ್ನು ಯಾರೂ ಕರೆಸಲಿಲ್ಲ.